ಮುಟ್ಟಿದಾಗಲೆಲ್ಲ ಶುಲ್ಕ

ವಡಾಲ, ಮುಂಬಯಿ
೧೪ ಜುಲೈ ೨೦೨೪, ಭಾನುವಾರ

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಹಾಸ್ಟೆಲ್ ಚೆನ್ನಾಗಿದೆ. ಊಟ ಚೆನ್ನಾಗಿದೆ.

ಈ ಮೂರು ವಾಕ್ಯಗಳನ್ನು ನನ್ನ ಕೈ ನನ್ನನ್ನು ಕೇಳದೆಯೇ ಬರೆದುಬಿಟ್ಟಿತು. ಬೆಳಗಾವಿಯ ಹಾಸ್ಟೆಲಿನಲ್ಲಿ ಹತ್ತು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಸ್ಟಡಿ ಹಾಲಿನಲ್ಲಿ ಕೂಡಿಸಿ ಮನೆಗೆ ಪತ್ರ ಬರೆಸುತ್ತಿದ್ದರಲ್ಲ, ವಾರ್ಡನ್ ಸಿಸ್ಟರ್ ಓದಿದ ಮೇಲೆಯೇ ಲಕೋಟೆ ಅಂಟಿಸಬೇಕಿತ್ತು. ಹೊಟ್ಟೆನೋವು ಎಂದು ಬರೆದರೆ, ದೂರದಲ್ಲಿ ದುಡಿಯುವವರನ್ನು ಯಾಕೆ ಹೆದರಿಸುತ್ತೀ ಎಂದು ಹಾಳೆ ಹರಿದು ಹೊಸದು ಕೊಡುತ್ತಿದ್ದರು. ಈಗ ಓದುವವರು ಯಾರೂ ಇಲ್ಲ. ಅಭ್ಯಾಸ ಮಾತ್ರ ಉಳಿದಿದೆ.

ನೀವು ಕುರ್ಲಾ, ನಾನು ವಡಾಲ. ಹಾರ್ಬರ್ ಲೈನಿನಲ್ಲಿ ಮೂರು ಸ್ಟೇಷನ್. ಇಷ್ಟು ಹತ್ತಿರ ಇದ್ದು ಪತ್ರ ಬರೆಯುತ್ತೇನೆಂದರೆ ರೂಮ್‌ಮೇಟ್ ಯಕ್ಷಿತಾ ನಗುತ್ತಾಳೆ. "ಮಾರಾಯ್ತಿ, ಒಂದು ವಾಯ್ಸ್ ನೋಟ್ ಹಾಕಿ ಮಲಗು. ನಿನ್ನಪ್ಪ ಎಂತ, ಬ್ರಿಟಿಷರ ಕಾಲದವರಾ?" ಎನ್ನುತ್ತಾಳೆ. ಫೋನಿನಲ್ಲಿ ನಾವಿಬ್ಬರೂ 'ಹೂಂ', 'ಮತ್ತ?', 'ಇಡಲಾ?' ಇಷ್ಟೇ ಮಾತಾಡುವುದು ಎಂದು ಅವಳಿಗೆ ಹೇಗೆ ಹೇಳಲಿ. ಹಾಗಾಗಿ ಬರೆಯುತ್ತೇನೆ. ರಾಚವ್ವ ಅತ್ತೆಯ ಖಾನಾವಳಿಯಿಂದ ಭಾನುವಾರ ರೊಟ್ಟಿ ಗಂಟು ತರುವ ದೂಜ ಅಂಕಲ್ ಕೈಯಲ್ಲೇ ಇದನ್ನು ಕೊಡುತ್ತೇನೆ. ನೀವೂ ರೊಟ್ಟಿ ಗಂಟಿನಲ್ಲಿ ಇಟ್ಟು ಕಳಿಸಿ.

ಮುಖ್ಯ ವಿಷಯ. ಹೋದ ಭಾನುವಾರ ನಾನು ಮನೆಗೆ ಬಂದಾಗ ನಿಮ್ಮ ಫೋನಿನ ಆ್ಯಪ್‌ನಲ್ಲಿ ತೆರೆದ ಅಕೌಂಟ್ ಶುರುವಾಗಿದೆ. ಅವ್ವನ ಎರಡು ಲಕ್ಷ ನಲವತ್ತು ಸಾವಿರ ಪೂರ್ತಿ ಮ್ಯೂಚುವಲ್ ಫಂಡಿಗೆ ಹೋಯಿತು. ಹೆದರಬೇಡಿ. ಹೆಚ್ಚು ಏರದ, ಹೆಚ್ಚು ಇಳಿಯದ ಫಂಡನ್ನೇ ಆರಿಸಿದ್ದೇನೆ. ಸೇವಿಂಗ್ಸ್‌ನಲ್ಲಿ ಮಲಗಿಸಿದ ದುಡ್ಡು ವರ್ಷ ವರ್ಷ ಸವೆಯುತ್ತದೆ ಎಂದು ಕಾಲೇಜಿನ ಸೆಮಿನಾರಿಗೆ ಬಂದ ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದರು. ಅವ್ವ ಹನ್ನೊಂದು ವರ್ಷ ಅತ್ತೆಯ ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನ ಓದಿಗೆಂದು ಕೂಡಿಸಿದ್ದು ಸವೆಯಬಾರದು.

ಯಾವಾಗ ಬೇಕಾದರೂ ತೆಗೆಯಬಹುದು. ಎರಡು ಮೂರು ದಿನದಲ್ಲಿ ಬ್ಯಾಂಕಿಗೆ ವಾಪಸ್ ಬರುತ್ತದೆ. ಚಾರ್ಜು ಏನೂ ಇಲ್ಲ. ಇಮೇಲ್ ನನ್ನದು ಕೊಟ್ಟಿದ್ದೇನೆ, ನಿಮಗೆ ಇಂಗ್ಲಿಷಿನ ತಲೆನೋವು ಬೇಡ ಎಂದು. ಒಟಿಪಿ ನಿಮ್ಮ ಫೋನಿಗೇ ಬರುತ್ತದೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮಗಳು,
ಶಿವಕುಮಾರಿ


ಕುರ್ಲಾ
೨೮ ಜುಲೈ ೨೦೨೪

ಮಗಳು ಶಿವಕುಮಾರಿಗೆ ನಿಮ್ಮಪ್ಪ ಧರ್ಮಣ್ಣ ಮಾಡುವ ಆಶೀರ್ವಾದ.

ನಾ ಅರಾಮ ಅದೀನಿ, ನೀನೂ ಅರಾಮ ಇರಬೇಕು. ಘಾಟ್ಕೋಪರದಾಗ ಹೊಸಾ ಬಿಲ್ಡಿಂಗ್ ಹತ್ತೇದ. ಇಪ್ಪತ್ತೆರಡು ಮಾಳಿಗಿ, ಒಂದೊಂದು ಮಾಳಿಗಿಗೆ ಎಂಟು ಬಾತ್‌ರೂಮ್. ದೀಪಾವಳಿತನಕ ಟೈಲ್ಸ್ ಕೆಲಸಕ್ಕ ಕೊರತಿ ಇಲ್ಲ.

ನಿನ್ನ ಕಾಗದ ನಾಕು ಸಲ ಓದಿದೆ. ಎಲ್ಲಾ ತಿಳೀತು, ದುಡ್ಡು ಎಲ್ಲಿ ಅದ ಅನ್ನೂದು ಒಂದ ತಿಳೀಲಿಲ್ಲ. ಬ್ಯಾಂಕಿಗೆ ಹೋಗಿ ಮೆಷಿನ್ನಿನ್ಯಾಗ ಪಾಸ್‌ಬುಕ್ ಹಾಕಿದೆ. ನೂರಾ ಹದಿನಾರು ರೂಪಾಯಿ ಅಂತ ಬಂತು. ತಗದು ಮತ್ತ ಹಾಕಿದೆ. ಹಿಂದ ನಿಂತಾಂವ ಒಬ್ಬ, "ಚಾಚಾ, ದಸ್ ಬಾರ್ ಡಾಲೋಗೆ ತೋ ಭೀ ವಹೀ ಆಯೇಗಾ" ಅಂದ. ಹತ್ತು ಸಲ ಹಾಕಿದ್ರೂ ಅಷ್ಟ ಬರೂದು, ಖರೇನ ಅಂದ.

ನಮ್ಮ ಚಾಳಿನ ಮೂಲಿಗೆ ಮೊಬೈಲ್ ಅಂಗಡಿ ಇಟ್ಟಾನಲ್ಲ ಧನರಾಜ್, ಅವನ ಮುಂದ ಫೋನ್ ಹಿಡದೆ. ಇಲ್ಲಿ ಒತ್ತಿದ್ರ ಹೊರಗ ಬರತದ, ಇಲ್ಲಿ ಒತ್ತಿದ್ರ ಒಳಗ ಹೋಗತದ ಅಂತ ಎರಡು ಗುಂಡಿ ತೋರಿಸಿದ. ನೀನೂ ಬರದೀದಿ, ಯಾವಾಗ ಬೇಕಾದ್ರೂ ತಗೀಬಹುದು, ಖರ್ಚಿಲ್ಲ ಅಂತ. ಹಂಗಾದ್ರ ಸಮಾಧಾನ.

ರಾಚವ್ವ ನಿನ್ನ ಕೇಳಿದಳು. ಶೇಂಗಾ ಹಿಂಡಿ ಇಟ್ಟಾಳ, ಗೆಳತ್ಯಾರಿಗೆ ಎಲ್ಲಾ ಹಂಚಿ ನೀ ಬರೀ ರೊಟ್ಟಿ ತಿನಬ್ಯಾಡ.

ನಿಮ್ಮಪ್ಪ


ವಡಾಲ
೧೮ ಆಗಸ್ಟ್ ೨೦೨೪

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಹಿಂಡಿ ಎರಡೇ ದಿನದಲ್ಲಿ ಖಾಲಿ. ಈ ಭಾನುವಾರ ಬರಲು ಆಗಲಿಲ್ಲ, ಅಕೌಂಟೆನ್ಸಿ ಯೂನಿಟ್ ಟೆಸ್ಟ್ ಇದೆ. ಮುಂದಿನ ವಾರವೂ ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ.

ದುಡ್ಡು ಸುರಕ್ಷಿತವಾಗಿದೆ.

ನಿಮ್ಮ
ಶಿವಕುಮಾರಿ


ಅದೇ ದಿನ. ಇದು ಕಳಿಸಲು ಅಲ್ಲ.

ಅಪ್ಪಾ,

ಬೆಳಗಾವಿಯಲ್ಲಿ ನಾನು ಎರಡು ಪತ್ರ ಬರೆಯುತ್ತಿದ್ದೆ. ಒಂದು ಸಿಸ್ಟರ್ ಓದಿ ಅಂಚೆಗೆ ಹಾಕುತ್ತಿದ್ದದ್ದು. ಇನ್ನೊಂದು ನನ್ನ ಪೆಟ್ಟಿಗೆಯ ತಳದಲ್ಲಿ, ಬಟ್ಟೆಗಳ ಕೆಳಗೆ. ಹೊಟ್ಟೆನೋವೆಲ್ಲ ಅದರಲ್ಲಿ. ಮತ್ತೆ ಶುರು ಮಾಡಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಒಂಬತ್ತನೇ ತಾರೀಖು ಆ ಆ್ಯಪ್‌ನಿಂದ ಇಮೇಲ್ ಬಂತು. ನಿಮ್ಮ ಖಾತೆಗೆ ೨,೪೧೨ ರೂಪಾಯಿ ಶುಲ್ಕ ವಿಧಿಸಲಾಗಿದೆ, ವಿವರಕ್ಕೆ ಲಗತ್ತಿಸಿದ ಪಿಡಿಎಫ್ ನೋಡಿ. ಪಿಡಿಎಫ್ ತೆರೆದರೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಅಂದರೆ ನಿಮ್ಮ ಪ್ಯಾನ್ ನಂಬರ್. ಜುಲೈಯಲ್ಲಿ ನಾನೇ ಕಾರ್ಡು ನೋಡಿ ಟೈಪ್ ಮಾಡಿದ್ದೆ, ಈಗ ಮೊದಲ ಮೂರು ಅಕ್ಷರ ಬಿಟ್ಟು ಏನೂ ನೆನಪಿಲ್ಲ. ನಿಮ್ಮನ್ನು ಕೇಳಿದರೆ ಯಾಕೆ ಎನ್ನುತ್ತೀರಿ.

ನಿಜ ಹೇಳುತ್ತೇನೆ. ಆ ದಿನ ಷರತ್ತುಗಳು ಹದಿನಾರು ಪುಟ ಇದ್ದವು. ನೀವು ಪಕ್ಕದಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದಿರಿ. ನನ್ನ ಮಗಳು ಎಷ್ಟು ಫಾಸ್ಟ್ ಎಂದು ನಿಮ್ಮ ಮುಖದಲ್ಲಿತ್ತು. ನಾನು ಒಂದನ್ನೂ ಓದದೆ ಕೆಳಗೆ ಎಳೆದು ಎಳೆದು ಒಪ್ಪಿಗೆ ಎಂದು ಒತ್ತಿದೆ. ಬೇಡದ ಯಾವುದೋ ಪ್ಲಾನಿಗೆ ಟಿಕ್ ಹಾಕಿದ್ದೇನೆ, ಅದಕ್ಕೇ ಹೀಗೆ. ಎರಡು ಸಾವಿರದ ನಾನೂರು ಎಂದರೆ ಅವ್ವನ ಎಷ್ಟು ರೊಟ್ಟಿ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ಬರಲು ಆಗಲಿಲ್ಲ ಎಂದಲ್ಲ. ಟೆಸ್ಟ್ ಶುಕ್ರವಾರವೇ ಮುಗಿದಿದೆ.


ಕುರ್ಲಾ
೨೨ ಸೆಪ್ಟೆಂಬರ್ ೨೦೨೪

ಮಗಳು ಶಿವಕುಮಾರಿಗೆ ಆಶೀರ್ವಾದ.

ನಾ ಅರಾಮ ಅದೀನಿ. ಮೊಣಕಾಲು ಒಂದೀಟು ಬಾತಾವ, ಅದೇನು ಹೊಸಾದಲ್ಲ. ಗಣಪತಿ ಮುಳುಗ್ಯಾವ, ಓಣಿ ಸುಮ್ಮನಾಗೇದ. ನೀ ಗಣಪತಿಗೆ ಬರತಿ ಅಂತ ರಾಚವ್ವ ಕಡಬು ಮಾಡಿಟ್ಟಿದ್ದಳು. ಬರಲಿಲ್ಲ. ಓದು ಇರತದ, ಇರಲಿ.

ಒಂದು ಮಾತು ಬರೀಬೇಕಂತ ಎರಡು ವಾರದಿಂದ ಹಾಳಿ ಹಿಡದು ಕುಂತೀನಿ. ಕಾಲೇಜ್ ಅಂದ ಮ್ಯಾಲ ನೂರಾ ಎಂಟು ಖರ್ಚು ಇರತಾವ. ಎಲ್ಲಾ ಬಾಯಿ ಬಿಟ್ಟು ಅಪ್ಪನ ಮುಂದ ಹೇಳಾಕ ಹೆಣ್ಣುಮಕ್ಕಳಿಗೆ ಆಗಂಗಿಲ್ಲ. ಅವ್ವ ಇದ್ದಿದ್ರ ಅಕಿ ಮುಂದ ಹೇಳತಿದ್ದಿ. ಆ ದುಡ್ಡು ಯಾರದು, ನಿಂದ. ಕೇಳಿ ತಗೊಂಡ್ರೂ ನಿಂದ, ಕೇಳದ ತಗೊಂಡ್ರೂ ನಿಂದ. ನಾ ಯಾವತ್ತೂ ಲೆಕ್ಕಾ ಕೇಳಾಂವ ಅಲ್ಲ.

ಇಷ್ಟ ಹೇಳೂದಿತ್ತು. ಹೊಟ್ಟಿ ತುಂಬ ಉಣ್ಣು.

ನಿಮ್ಮಪ್ಪ


ವಡಾಲ
೨೦ ಅಕ್ಟೋಬರ್ ೨೦೨೪. ಕಳಿಸಲು ಅಲ್ಲ.

ಅಪ್ಪಾ,

ನಿಮ್ಮ ಸೆಪ್ಟೆಂಬರಿನ ಪತ್ರ ನನ್ನ ಅಕೌಂಟೆನ್ಸಿ ಪುಸ್ತಕದೊಳಗೆ ಇದೆ. ದಿನಾ ಓದುತ್ತೇನೆ, ದಿನಾ ಬೇರೆ ಅರ್ಥ ಬರುತ್ತದೆ. 'ಲೆಕ್ಕಾ ಕೇಳಾಂವ ಅಲ್ಲ' ಎಂದು ಯಾಕೆ ಬರೆದಿರಿ? ನನ್ನ ತಪ್ಪಿನಿಂದ ದುಡ್ಡು ಕಡಿಮೆಯಾಗುತ್ತಿದೆ ಎಂದು ಗೊತ್ತಾಗಿದೆಯಾ? ಗೊತ್ತಾಗಿ ನನ್ನ ಮರ್ಯಾದೆ ಕಾಯುತ್ತಿದ್ದೀರಾ?

ಸೆಪ್ಟೆಂಬರಿನಲ್ಲಿ ೨,೩೯೦. ಈ ತಿಂಗಳು ೨,೩೬೫. ಪ್ರತಿ ತಿಂಗಳು ಎರಡನೇ ವಾರ, ಬಾಡಿಗೆ ಕೇಳಲು ಬರುವವರ ಹಾಗೆ. ಇಮೇಲ್ ಬಂದಾಗಲೆಲ್ಲ ಪಿಡಿಎಫ್ ತೆರೆಯಲಾಗದೆ ಅದನ್ನೇ ನೋಡುತ್ತಾ ಕೂರುತ್ತೇನೆ. ಯಕ್ಷಿತಾ ಹೇಳುತ್ತಾಳೆ, "ಒಂದೋ ಅದನ್ನು ಓಪನ್ ಮಾಡು, ಇಲ್ಲ ಡಿಲೀಟ್ ಮಾಡು. ನಡುವೆ ನಿಂತು ಸಾಯ್ಬೇಡ." ಅವಳಿಗೆ ಸುಲಭ. ಅವಳ ಅಪ್ಪ ಅಮ್ಮ ದಿನಾ ವಿಡಿಯೋ ಕಾಲ್‌ನಲ್ಲಿ ಜಗಳವಾಡುತ್ತಾರೆ, ಅವಳೂ ಸೇರಿಕೊಳ್ಳುತ್ತಾಳೆ, ಕೊನೆಗೆ ಮೂವರೂ ನಗುತ್ತಾರೆ. ನಾನು ಇಯರ್‌ಫೋನ್ ಹಾಕಿಕೊಂಡು ಕೇಳದ ಹಾಗೆ ಕೂರುತ್ತೇನೆ.

ಧೈರ್ಯ ಮಾಡಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ. ಆಮೇಲೆ ಒಬ್ಬಳು, "ಮ್ಯಾಡಮ್, ಖಾತಾ ಧರ್ಮಣ್ಣಾಜೀ ಕೇ ನಾಮ್ ಪೇ ಹೈ. ಉನಕೋ ಫೋನ್ ದೀಜಿಯೇ." ಖಾತೆ ನಿಮ್ಮ ಹೆಸರಿನಲ್ಲಿದೆ, ಫೋನ್ ನಿಮಗೇ ಕೊಡಬೇಕಂತೆ. ನಾನು ಅವರ ಮಗಳು ಎಂದೆ. "ಜೀ ಮ್ಯಾಡಮ್, ಲೇಕಿನ್ ಉನಕೋ ದೀಜಿಯೇ." ಇಟ್ಟುಬಿಟ್ಟೆ.

ಮೆಸ್‌ನಲ್ಲಿ ರಾತ್ರಿಯೂಟ ಬಿಟ್ಟರೆ ತಿಂಗಳ ಕೊನೆಗೆ ಊಟಕ್ಕೆ ನಲವತ್ತರಂತೆ ವಾಪಸ್ ಕೊಡುತ್ತಾರೆ. ಹೋದ ತಿಂಗಳಿಂದ ಬಿಟ್ಟಿದ್ದೇನೆ. ಅದನ್ನು ಕೂಡಿಸಿ ಕಳೆದುಹೋದದ್ದನ್ನು ತುಂಬಿ, ಆಮೇಲೆ ನಿಮ್ಮ ಮುಂದೆ ಬಂದು ಕೂರುತ್ತೇನೆ. ಅಲ್ಲಿಯವರೆಗೆ ಮನೆಗೆ ಬಂದರೆ ನನ್ನ ಮುಖವೇ ಹೇಳಿಬಿಡುತ್ತದೆ. ಭಾನುವಾರದ ರೊಟ್ಟಿಯನ್ನು ಬುಧವಾರದವರೆಗೆ ಎಳೆಯುತ್ತೇನೆ, ಅದು ಗಟ್ಟಿಯಾಗುತ್ತದೆ, ಕೆಡುವುದಿಲ್ಲ.


ಕುರ್ಲಾ
೨೪ ನವೆಂಬರ್ ೨೦೨೪

ಮಗಳು ಶಿವಕುಮಾರಿಗೆ ಆಶೀರ್ವಾದ.

ದೂಜನ ಕೈಯಾಗ ನೀ ಚೀಟಿ ಕಳಿಸಿದ್ದಿ, ಫೀ ಮಾಫಿಯ ಫ್ರೀಶಿಪ್ ಫಾರ್ಮಿಗೆ ವರಮಾನದ ದಾಖಲೆ ಬೇಕು ಅಂತ. ಯಾವುದು ಬೇಕು, ಯಾವುದು ಬ್ಯಾಡ ನನಗ ತಿಳೀಲಿಲ್ಲ. ಚೀಲದಾಗ ಇದ್ದದ್ದೆಲ್ಲಾ ಜೆರಾಕ್ಸ್ ಮಾಡಿಸಿ ಇಟ್ಟೀನಿ. ರೇಷನ್ ಕಾರ್ಡ್, ಆಧಾರ್, ಪ್ಯಾನ್, ಲೈಟ್ ಬಿಲ್. ಉಳಿದದ್ದು ಒಗೀಬ್ಯಾಡ.

ದೀಪಾವಳಿಗೂ ಬರಲಿಲ್ಲ. ರಾಚವ್ವ ಎಲ್ಲಾರ ಮುಂದ ಅಂದಳು, "ಬೆಳಗಾಂವದಾಗಿದ್ದಾಗ ವರ್ಷಕ್ಕ ಎರಡು ಸಲ ಬರತಿತ್ತು ಕೂಸು. ವಡಾಲಕ್ಕ ಬಂದ ಮ್ಯಾಲ ದೂರ ಆತು ನೋಡು." ನಾ ನಕ್ಕೆ.

ನೀ ಅಂಜಬ್ಯಾಡ. ಏನ ಆಗಿದ್ರೂ ನಾ ಕೇಳಂಗಿಲ್ಲ ಅಂತ ಮೊದಲ ಬರದೀನಿ. ಜ್ವರಾ ಗಿರಾ ಬಂದಿತ್ತೇನು? ಬಂದಿದ್ರ ಈಗ ಹ್ಯಾಂಗದಿ ಅಷ್ಟು ಬರಿ.

ಜನವರಿ ಹನ್ನೊಂದಕ್ಕ ಅವ್ವ ಹೋಗಿ ಎರಡು ವರ್ಷ. ಶನಿವಾರ ಬಂದದ. ಪೂಜಾ ಇಟ್ಟು ನಾಕು ಮಂದಿಗೆ ಉಣ್ಣಾಕ ಹಾಕೂಣು. ಅವತ್ತು ಮಾತ್ರ ತಪ್ಪಿಸಬ್ಯಾಡ ಮಗಳ. ಮತ್ತ ಬ್ಯಾರೆ ಏನೂ ಕೇಳಂಗಿಲ್ಲ ನಾ.

ನಿಮ್ಮಪ್ಪ


ವಡಾಲ
೮ ಡಿಸೆಂಬರ್ ೨೦೨೪

ಅಪ್ಪನಿಗೆ,

ನನಗೆ ಜ್ವರ ಬಂದಿಲ್ಲ. ಈ ಪತ್ರವನ್ನು ಪೂರ್ತಿ ಓದಿ.

ನೀವು ಕಳಿಸಿದ ಜೆರಾಕ್ಸ್‌ಗಳಲ್ಲಿ ನಿಮ್ಮ ಪ್ಯಾನ್ ಇತ್ತು. ಆ್ಯಪ್‌ನವರು ಆಗಸ್ಟ್‌ನಿಂದ ಪ್ರತಿ ತಿಂಗಳು ಶುಲ್ಕದ ನೋಟಿಸು ಕಳಿಸುತ್ತಿದ್ದಾರೆ. ನನ್ನ ತಪ್ಪೆಂದು ನಾಲ್ಕು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಮೊನ್ನೆ ಆ ಪ್ಯಾನ್ ಹಾಕಿ ನಾಲ್ಕೂ ಪಿಡಿಎಫ್ ತೆರೆದೆ. ಆಗಸ್ಟ್ ಎಂಟರಂದು ಫಂಡಿನಲ್ಲಿದ್ದದ್ದೆಲ್ಲ ಮಾರಾಟ. ಹದಿಮೂರಕ್ಕೆ ಮತ್ತೆ ಖರೀದಿ. ಸೆಪ್ಟೆಂಬರಿನಲ್ಲಿ ಹಾಗೇ, ಅಕ್ಟೋಬರಿನಲ್ಲಿ ಹಾಗೇ, ನವೆಂಬರಿನಲ್ಲೂ ಹಾಗೇ.

ಹಾಕಿ ಒಂದು ವರ್ಷದೊಳಗೆ ತೆಗೆದರೆ ನೂರಕ್ಕೆ ಒಂದು ರೂಪಾಯಿ ಕಡಿತ, ಅದರ ಮೇಲೆ ಆ್ಯಪ್‌ನವರ ಸಣ್ಣ ಶುಲ್ಕ. ಮುಟ್ಟದೆ ಬಿಟ್ಟರೆ ವರ್ಷದ ನಂತರ ಏನೂ ಇಲ್ಲ. ನೀವು ತೆಗೆದು ಮತ್ತೆ ಹಾಕಿದಾಗಲೆಲ್ಲ ಆ ವರ್ಷ ಹೊಸದಾಗಿ ಶುರುವಾಗಿದೆ. ಚಾರ್ಜು ಇಲ್ಲ ಎಂದು ಓದದೆ ಬರೆದದ್ದು ನಾನು, ಒಪ್ಪುತ್ತೇನೆ. ಒಟ್ಟು ಒಂಬತ್ತು ಸಾವಿರದ ಐನೂರ ಎಂಟು ಹೋಗಿದೆ.

ಆದರೆ ಅಪ್ಪಾ, ತಿಂಗಳಿಗೊಮ್ಮೆ ಐದು ದಿನ ಅವ್ವನ ಅಷ್ಟೂ ದುಡ್ಡು ನಿಮಗೆ ಯಾಕೆ ಬೇಕು? ನನಗೆ ಹೇಳದೆ? ಯಾರಿಗಾದರೂ ಬಡ್ಡಿಗೆ ಕೊಡುತ್ತೀರಾ? ಸೈಟಿನಲ್ಲಿ ಎಲ್ಲರೂ ಇಸ್ಪೀಟು ಆಡುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ಕುಡಿಯುವುದನ್ನು ನೀವು ಅವ್ವನಿಗಾಗಿ ಬಿಟ್ಟಿದ್ದಿರಿ. ಅವ್ವ ಇಲ್ಲ ಎಂದು ಮತ್ತೆ ಬಾಟಲಿ ಹಿಡಿದಿರಾ? ಅದಕ್ಕೇ ಲೆಕ್ಕ ಕೇಳುವುದಿಲ್ಲ ಎಂದು ಮೊದಲೇ ಬರೆದಿರಾ, ನಾನೂ ಕೇಳದಿರಲಿ ಎಂದು?

ನಾನು ಮೂರು ತಿಂಗಳು ರಾತ್ರಿ ಊಟ ಬಿಟ್ಟಿದ್ದೇನೆ. ನಿಮಗೋಸ್ಕರ, ನಿಮ್ಮ ಮುಂದೆ ತಲೆ ಎತ್ತಿ ನಿಲ್ಲಲು. ಈಗ ನನ್ನ ಬಗ್ಗೆ ನನಗೇ ನಗು ಬರುತ್ತದೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಹೇಳುವವರೆಗೆ ನಾನು ಮನೆಗೆ ಬರುವುದಿಲ್ಲ. ಜನವರಿ ಹನ್ನೊಂದಕ್ಕೂ ಬರುವುದಿಲ್ಲ. ಅವ್ವನ ಫೋಟೋ ಮುಂದೆ ಇಬ್ಬರೂ ಸುಳ್ಳು ಮುಖ ಹಾಕಿಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ.

ಶಿವಕುಮಾರಿ


ಕುರ್ಲಾ
೧೨ ಜನವರಿ ೨೦೨೫

ಮಗಳು ಶಿವಕುಮಾರಿಗೆ ಆಶೀರ್ವಾದ.

ನಾಕು ವಾರ ರೊಟ್ಟಿಯೊಳಗ ಕಾಗದ ಇಡಲಿಲ್ಲ. ಸಿಟ್ಟಲ್ಲ. ಬರೀಲಾಕ ಕುಂತರ ಕೈ ಏಳಲಿಲ್ಲ. ನಿನ್ನೆ ಅವ್ವನ ಕಾರ್ಯ ಮುಗೀತು. ಈಗ ಬರೀತೀನಿ.

ನಾ ಕುಡದಿಲ್ಲ. ಇಸ್ಪೀಟು ಮುಟ್ಟಿಲ್ಲ. ಆ ದುಡ್ಡಿನಾಗಿನ ಒಂದು ರೂಪಾಯಿ ಬ್ಯಾಂಕಿನಿಂದ ಹೊರಗ ತಂದಿಲ್ಲ.

ನಿನಗ ನೆನಪಿರಬೇಕು, ನಮ್ಮ ಚಾಳಿನ ಹೆಣ್ಣುಮಕ್ಕಳದು ಭಿಶಿ ಇತ್ತು. ತಿಂಗಳಾ ಎಲ್ಲಾರೂ ರೊಕ್ಕಾ ಹಾಕಿ ಒಬ್ಬಾಕಿಗೆ ಕೊಡೂದು. ಕೊಡೂ ಮೊದಲ ಅಷ್ಟೂ ರೊಕ್ಕಾ ಚಾಪಿ ಮ್ಯಾಲ ಹರವಿ ಎಲ್ಲಾರಿಗೂ ತೋರಸತಿದ್ದರು. ನಿಮ್ಮವ್ವ ಅಂತಿದ್ದಳು, ಕಣ್ಣೀಲೆ ನೋಡಿದ್ರ ಅದು ರೊಕ್ಕಾ, ಇಲ್ಲಂದ್ರ ಬರೀ ಮಾತು ಅಂತ. ಬ್ಯಾಂಕಿನ್ಯಾಗ ಹಾಕಿದ ಮ್ಯಾಲೂ ತಿಂಗಳಿಗೊಮ್ಮೆ ಪಾಸ್‌ಬುಕ್ಕಿಗೆ ಎಂಟ್ರಿ ಹೊಡಸಾಕ ನನ್ನ ಕರಕೊಂಡು ಹೋಗತಿದ್ದಳು. ಅಕಿಗೆ ಅಂಕಿ ಓದಾಕ ಬರತಿತ್ತು, ಅಕ್ಷರ ಬರತಿದ್ದಿಲ್ಲ. ಮ್ಯಾಲ ನನ್ನ ಹೆಸರು, ಕೆಳಗ ಅಕಿ ಹೆಸರು. ಇದು ನಂದ ಹೌದಲ್ಲ? ಅಂತ ಬೆಟ್ಟು ಇಟ್ಟು ಕೇಳತಿದ್ದಳು, ಪ್ರತಿ ತಿಂಗಳು. ಹೌದು ಲಕ್ಷ್ಮವ್ವ, ನಿಂದು ಅಂತ ನಾ ಅನ್ನೂದು.

ಅಕಿ ಹೋದ ಮ್ಯಾಲ ಅಕಿ ಹೋದ ತಾರೀಖಿನ ಹಿಂದ ಮುಂದ ನಾ ಒಬ್ಬನ ಹೋಗಿ ಎಂಟ್ರಿ ಹೊಡಸತಿದ್ದೆ. ಬ್ಯಾಂಕಿಗೆ ಅಕಿ ಇಲ್ಲ ಅಂತ ನಾ ಹೇಳಿದ್ದಿಲ್ಲ. ಹೇಳಿದ್ರ ಹೆಸರು ತಗೀತಾರ. ಜುಲೈದಾಗ ದುಡ್ಡು ಫಂಡಿಗೆ ಹೋದ ಮ್ಯಾಲ ಹೆಸರು ಉಳೀತು, ಕೆಳಗ ನೂರಾ ಹದಿನಾರು ರೂಪಾಯಿ. ಅಕಿ ಹನ್ನೊಂದು ವರ್ಷ ದುಡದದ್ದು ನೂರಾ ಹದಿನಾರು ರೂಪಾಯಿ ಅಂತ ಬರದಂಗ ಕಾಣತಿತ್ತು. ನೀ ಬರದಿದ್ದಿ, ಯಾವಾಗ ಬೇಕಾದ್ರೂ ತಗೀಬಹುದು, ಖರ್ಚಿಲ್ಲ ಅಂತ. ತಗದೆ. ಎಂಟ್ರಿ ಹೊಡಸಿದೆ. ನೋಡಿದೆ. ತಿರುಗಿ ಹಾಕಿದೆ. ಇಷ್ಟ ಮಾಡಿದ್ದು ನಾ.

ತಿರುಗಿ ಬರೂವಾಗ ಒಂದೀಟು ಕಡಿಮಿ ಬರತಿತ್ತು. ಧನರಾಜಗ ಕೇಳಿದೆ. "ಇಮೇಲ್ ಯಾರದೈತಿ ಕಾಕಾ? ನಿಮ್ಮ ಹುಡುಗಿದು? ಹಂಗಾದ್ರ ಎಲ್ಲಾ ಅಕಿಗೇ ಗೊತ್ತಿರತದ" ಅಂದ. ನೀನ ತಗೊಂಡಿರಬೇಕು ಅಂತ ನಾ ತಿಳಕೊಂಡೆ.

ಆಗಸ್ಟದಾಗ ಕಡಿಮಿ ಬಂತು, ಪುಸ್ತಕ ತಗೊಂಡಿರಬೇಕು ಅಂದೆ. ಸೆಪ್ಟೆಂಬರದಾಗ, ಮಳಿಗೆ ಚಪ್ಪಲಿ ಹರದಿರಬೇಕು, ಒಂದು ಛತ್ರಿ ಸೈತ ಬಂದಿರಬೇಕು ಅಂದೆ. ದಸರಾಕ್ಕ ಗೆಳತ್ಯಾರೆಲ್ಲಾ ಹೊಸಾ ಬಟ್ಟಿ ಹಾಕಿರತಾರ, ಇಕಿ ಯಾಕ ಹಳೇದ್ರಾಗ ಇರಬೇಕು ಅಂದೆ. ನವೆಂಬರದಾಗ ಮಾತ್ರ ಏನೂ ಹೊಳೀಲಿಲ್ಲ. ದವಾಖಾನಿ ಖರ್ಚೇನೋ ಅಂತ ಅಂಜಿಕಿ ಆತು. ನಿಮ್ಮವ್ವನ ಜಾಂಡೀಸೂ ಹಿಂಗ, ಯಾರಿಗೂ ಹೇಳದ ಮೂರು ವಾರ ರೊಟ್ಟಿ ಬಡದಳು. ಅದಕ್ಕ ಜ್ವರಾ ಬಂದಿತ್ತೇನು ಅಂತ ಕೇಳಿದೆ. ನೀ ಮನಿಗೆ ಬರಲಾರದ್ದಕ್ಕೂ ಅದ ಕಾರಣ ಅನಕೊಂಡೆ. ದುಡ್ಡು ತಗೊಂಡೀನಿ, ಅಪ್ಪನ ಮುಂದ ಹ್ಯಾಂಗ ನಿಂದರಲಿ ಅಂತ ನಾಚಿಕಿ ಇರಬೇಕು ಅಂತ. ನಾ ಕೇಳಿಬಿಟ್ಟಿದ್ರ ಚಲೋ ಇತ್ತು. ಕೇಳಿದ್ರ ನೀ ಸಣ್ಣಾಕಿ ಆಗತಿ ಅಂತ ಕೇಳಲಿಲ್ಲ.

ನಿನ್ನ ಡಿಸೆಂಬರದ ಕಾಗದ ಬಂದ ಮ್ಯಾಲ ಎಲ್ಲಾ ಹೊರಗ ತಗದೆ, ನಿನ್ನ ಹೆಸರಿಗೆ ಎಫ್‌ಡಿ ಇಡೂಣು ಅಂತ. ಕೌಂಟರಿನ ಹುಡುಗಿ ಫಾರ್ಮ್ ಕೊಟ್ಟು, "ದೋನೋ ಕಾ ಸೈನ್ ಲಗೇಗಾ, ಚಾಚಾ. ಆಂಟಿ ಕಹಾಂ ಹೈ?" ಅಂದಳು. ಇಬ್ಬರದೂ ಸಹಿ ಬೇಕು, ನಿಮ್ಮವ್ವ ಎಲ್ಲಿ ಅಂತ ಕೇಳಿದ್ದು. ಮತ್ತ ಕೇಳಿದಳು. ಆವಾಗ ಹೇಳಿದೆ. ಎರಡು ವರ್ಷದಾಗ ಅದೊಂದು ಮಾತು ನಾ ಬಾಯಿ ಬಿಟ್ಟು ಯಾರ ಮುಂದೂ ಹೇಳಿದ್ದಿಲ್ಲ ನೋಡು, ಎಲ್ಲಾರಿಗೂ ಮೊದಲ ಗೊತ್ತಿತ್ತು. ಒಳ್ಳೆ ಹುಡುಗಿ, ಕುರ್ಚಿ ಕೊಟ್ಟಳು. ಸರ್ಟಿಫಿಕೇಟ್ ತಂದು ಕೊಟ್ಟೆ. ಹೊಸಾ ಪಾಸ್‌ಬುಕ್ ಬಂದದ. ಒಂದ ಹೆಸರು.

ನಿನ್ನೆ ಹನ್ನೆರಡು ಮಂದಿ ಉಂಡರು. ನಿನ್ನ ಎಲಿ ಹಾಕಿಸಿದ್ದೆ. ಎಲ್ಲಾರೂ ಎದ್ದ ಮ್ಯಾಲ ರಾಚವ್ವ ತಗದಳು.

ರಾತ್ರಿ ಊಟ ಬಿಡಬ್ಯಾಡ.

ನಿಮ್ಮಪ್ಪ


ವಡಾಲ
೧೯ ಜನವರಿ ೨೦೨೫, ಭಾನುವಾರ

ಅಪ್ಪಾ,

ಹೋದ ಭಾನುವಾರ ನಿಮ್ಮ ಪತ್ರ ಓದಿ ಮುಗಿಸಿದವಳು ರೂಮಿಗೆ ಬೀಗವನ್ನೂ ಹಾಕದೆ ಸ್ಟೇಷನ್ನಿಗೆ ಓಡಿದೆ. ದಾರಿಯುದ್ದಕ್ಕೂ ನಿಮಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆಮೇಲೆ ಏನಾಯಿತೆಂದು ನಿಮಗೇ ಗೊತ್ತು. ನೀವು "ಬಂದ್ಯಾ?" ಎಂದಿರಿ. ನಾನು "ಹೂಂ" ಎಂದೆ. ನೀವು "ಉಂಡ್ಯಾ?" ಎಂದಿರಿ. ನಾನು ಅದಕ್ಕೂ ಹೂಂ ಎಂದೆ, ಉಂಡಿರಲಿಲ್ಲ. ರಾಚವ್ವ ಅತ್ತೆ ಬಾಗಿಲಲ್ಲಿ ನಿಂತು, "ಮೂರು ಸ್ಟೇಷನ್ ದಾಟಾಕ ಆರು ತಿಂಗಳು ಬೇಕಾತೇನವಾ ನಿನಗ? ಯಾವ ಗಾಡಿ ಹತ್ತಿದ್ದಿ?" ಎಂದು ಬೈದಳು. ಬೈದವಳೇ ನನ್ನ ರಟ್ಟೆ ಹಿಡಿದು ನೋಡಿ ಒಳಗೆ ಹೋಗಿ ತಟ್ಟೆ ತಂದಳು. ನೀವು ಟೈಲ್ಸ್ ಕಟರಿಗೆ ಎಣ್ಣೆ ಹಾಕುತ್ತಾ ಕೂತಿರಿ. ಅದಕ್ಕೆ ಆಗಲೇ ಎಣ್ಣೆ ಹಾಕಿಯಾಗಿತ್ತು.

ಕೊನೆಗೆ ನನ್ನನ್ನು ಸ್ಟೇಷನ್‌ವರೆಗೆ ಬಿಡಲು ಬಂದಿರಿ. ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಡುತ್ತಿದ್ದಿರಿ. ಜುಲೈಯಲ್ಲಿ ಹಾಗೆ ಇರಲಿಲ್ಲ. ನಾನು ನೋಡದವಳ ಹಾಗೆ ಮುಂದೆ ನಡೆದೆ. ಗಾಡಿ ಬಂತು.

ಹಾಗಾಗಿ ಬರೆಯುತ್ತಿದ್ದೇನೆ. ಇಂದು ಒಂದೇ ಪತ್ರ ಬರೆಯುತ್ತೇನೆ, ಕಳಿಸಲು.

ಡಿಸೆಂಬರಿನಲ್ಲೂ ನೋಟಿಸು ಬಂದಿತ್ತು. ೨,೩೧೮. ಇನ್ನು ಬರುವುದಿಲ್ಲ. ಉಳಿದದ್ದು ಎರಡು ಲಕ್ಷ ಇಪ್ಪತ್ತೆಂಟು ಸಾವಿರದ ಚಿಲ್ಲರೆ. ಹೋದದ್ದನ್ನು ನಾನು ಎಂದಾದರೂ ತುಂಬಿಕೊಡಬಹುದು, ನನಗೆ ಹತ್ತೊಂಬತ್ತು ವರ್ಷ. ಜನವರಿ ಹನ್ನೊಂದನ್ನು ಹೇಗೆ ತುಂಬಿಕೊಡುವುದು ಎಂದು ಗೊತ್ತಿಲ್ಲ. ಮುಂದಿನ ವರ್ಷವೂ ಆ ತಾರೀಖು ಬರುತ್ತದೆ, ಆದರೆ ನೀವು ನನಗೆಂದು ಎಲೆ ಹಾಕಿಸಿ ಬಾಗಿಲು ನೋಡುತ್ತಾ ಕೂತದ್ದು ಈ ವರ್ಷ.

'ತಗೊಂಡ್ಯಾ' ಎಂದು ನೀವು ಒಂದು ಮಾತು ಕೇಳಿದ್ದರೆ ನಾನು ಅಂದೇ 'ಇಲ್ಲ' ಎನ್ನುತ್ತಿದ್ದೆ. 'ಯಾಕೆ ತೆಗೆಯುತ್ತೀರಿ' ಎಂದು ನಾನು ಮೆಲ್ಲಗೆ ಕೇಳಿದ್ದರೆ ನೀವೂ ಹೇಳುತ್ತಿದ್ದಿರಿ. ಸಿಸ್ಟರ್ ನಮ್ಮ ಪತ್ರ ಓದುವುದನ್ನು ನಿಲ್ಲಿಸಿ ಒಂದು ವರ್ಷವಾಯಿತು. ನಾವೇ ಅವರ ಕೆಲಸ ಮಾಡುತ್ತಿದ್ದೇವೆ.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ತಡೆಯಲಾಗದ್ದು ಒಂದಿದೆ, ಅದನ್ನು ಹೇಳಲೆಂದೇ ಅಂದು ಬಂದಿದ್ದೆ. ನಾನು ದುಡ್ಡು ತೆಗೆಯುತ್ತಿದ್ದೇನೆ ಎಂದು ನಾಲ್ಕು ತಿಂಗಳು ನೀವು ನಂಬಿದ್ದಿರಿ. ನಂಬಿಕೊಂಡೇ ಭಾನುವಾರ ಭಾನುವಾರ ರೊಟ್ಟಿ ಕಳಿಸಿದಿರಿ. ನನ್ನ ಮೇಲೆ ಅನುಮಾನ ಬಂದಾಗ ನೀವು ಮನಸ್ಸಿನಲ್ಲೇ ನನಗೆ ಪುಸ್ತಕ ಕೊಡಿಸಿದಿರಿ, ಚಪ್ಪಲಿ ಕೊಡಿಸಿದಿರಿ, ಛತ್ರಿ, ಹೊಸ ಬಟ್ಟೆ, ಔಷಧ ಕೊಡಿಸಿದಿರಿ.

ನಿಮ್ಮ ಮೇಲೆ ಅನುಮಾನ ಬಂದಾಗ ನಾನು ನಿಮ್ಮ ಕೈಗೆ ಬಾಟಲಿ ಕೊಟ್ಟೆ.

ನಿಮ್ಮ ಮಗಳು,
ಶಿವಕುಮಾರಿ